ಹಳೇ ಮನೆ, ತೇಗದ ಕಿಟಕಿ, ಮುಂದೆ ಬಸ್ ರಸ್ತೆ: ಶಬ್ದ ತಡೆಯೋದು ಹೇಗೆ?

ಹನುಮಂತನಗರದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ 1964ರಲ್ಲಿ ಕಟ್ಟಿದ ಮನೆ. ಬಸ್ ಓಡಾಡುವ ರಸ್ತೆ, ಸಾಲದ್ದಕ್ಕೆ ಗೇಟಿನ ಎದುರಿಗೇ ಒಂದು ಹಂಪ್. ಬಸ್ ಹಂಪ್ ಹತ್ತಿ ಇಳಿದು ಮತ್ತೆ ಎಳೆಯುವಾಗ ಕಿಟಕಿ ಗಾಜು ಅದುರುತ್ತದೆ. ರಾತ್ರಿ ಖಾಲಿ ಟೆಂಪೋ ಬಂದರಂತೂ ಅದರ ಹಿಂದಿನ ಬಾಗಿಲು ಧಡಾರ್ ಅನ್ನುತ್ತದೆ.

ಮುಂದಿನ ರೂಮಿನಲ್ಲಿ ನಮ್ಮ ಮಾವ ಮಲಗುತ್ತಾರೆ. ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲ, ಹಾಗಾಗಿ ರೂಮ್ ಬದಲಾಯಿಸುವ ಮಾತಿಲ್ಲ. ಆ ರೂಮಿಗೆ ನಾಲ್ಕಡಿಗೆ ನಾಲ್ಕಡಿಯ ಎರಡು ಕಿಟಕಿ. ಎರಡೂ ರಸ್ತೆ ಕಡೆಗೇ. ತೇಗದ ಚೌಕಟ್ಟು, ಹೊರಗೆ ತೆರೆಯುವ ಜೋಡಿ ಬಾಗಿಲು, ಪಿನ್‌ಹೆಡ್ ಗಾಜು (ಸಣ್ಣ ಚುಕ್ಕಿ ಉಬ್ಬಿರುವ, ಆಚೆ ಕಾಣದ ಗಾಜು), ಒಳಗಡೆ ಕಬ್ಬಿಣದ ಸರಳು. ಮೇಲೆ ಒಂದಡಿ ಎತ್ತರದ ವೆಂಟಿಲೇಟರ್, ಅದಕ್ಕೆ ಓರೆ ಪಟ್ಟಿ ಮತ್ತು ಜಾಲರಿ ಮಾತ್ರ, ಮುಚ್ಚಲು ಏನೂ ಇಲ್ಲ. ಗೋಡೆ ಒಂದೂವರೆ ಇಟ್ಟಿಗೆ ದಪ್ಪ.

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿಯವರು ಬಂದು ನೋಡಿ, "ಮೇಡಂ, ಎಲ್ಲಾ ಕಿತ್ತು ಡಬಲ್ ಗ್ಲಾಸ್ ಹಾಕಿಬಿಡಿ" ಅಂದರು. ಮಾವನ ಮುಂದೆ ಆ ಮಾತು ಎತ್ತುವ ಹಾಗೇ ಇಲ್ಲ. "ಅದು ದಾಂಡೇಲಿ ತೇಗ. ನಾನಿರೋವರೆಗೂ ಯಾರೂ ಕೀಳೋ ಹಾಗಿಲ್ಲ" ಅಂತ ಒಂದೇ ಮಾತು. ದಪ್ಪ ಪರದೆ ಹಾಕಿದ್ದೇವೆ, ರೂಮ್ ಕತ್ತಲಾಯಿತು ಅಷ್ಟೆ. ಕಿಟಕಿ ಕೀಳದೆ ಏನಾದರೂ ದಾರಿ ಇದೆಯಾ?

ಟೀಬ್ಲಾಕ್

ಸುಮ್ನೆ ಯುಪಿವಿಸಿ ಹಾಕಿಸಿ. ನಾವು ಜಯನಗರದಲ್ಲಿ ಹಾಕಿಸಿದ್ದೇವೆ, ತುಂಬಾ ವ್ಯತ್ಯಾಸ ಆಗಿದೆ. ಹಿರಿಯರು ಮೊದಲು ಬೇಡ ಅಂತಾರೆ, ಆಮೇಲೆ ಚೆನ್ನಾಗಿ ನಿದ್ದೆ ಬಂದಾಗ ಅವರೇ ಹೊಗಳುತ್ತಾರೆ.

ಸಿವಿಲ್ ರಾಯರು

ಟೀಬ್ಲಾಕ್ ಅವರೇ, ನಿಮಗೆ ಆದ ವ್ಯತ್ಯಾಸ ಡಬಲ್ ಗ್ಲಾಸಿನಿಂದ ಬಂದಿದ್ದಾ, ಹಳೇ ಕಿಟಕಿಯ ಸಂದುಗಳು ಹೋಗಿದ್ದರಿಂದ ಬಂದಿದ್ದಾ? ಬಹಳ ಸಲ ಎರಡನೆಯದೇ ನಿಜ.

ಸೊಸೆಯವರೇ, ನಿಮ್ಮ ಕಿಟಕಿಯದ್ದೇ ಲೆಕ್ಕ ಹಾಕೋಣ. ನಾಲ್ಕಡಿ ಅಂದರೆ 1.2 ಮೀಟರ್. ಸುತ್ತಲಿನ ನಾಲ್ಕು ಅಂಚು, ಜೊತೆಗೆ ಎರಡು ಬಾಗಿಲು ಕೂಡುವ ಮಧ್ಯದ ಗೆರೆ, ಒಟ್ಟು 6 ಮೀಟರ್ ಸಂದು. ಅರವತ್ತು ವರ್ಷದ ಮರದಲ್ಲಿ ಸಂದು 2 ಮಿ.ಮೀ. ಇರುವುದು ದೊಡ್ಡ ವಿಷಯವಲ್ಲ. ಇಷ್ಟನ್ನೂ ಕೂಡಿಸಿದರೆ ಕಿಟಕಿಯ ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ ಶೇಕಡಾ 1 ಭಾಗ ತೂತು. ಶೇಕಡಾ 1 ತೂತಿದ್ದರೆ ಆ ಕಿಟಕಿ 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯಲು ಸಾಧ್ಯವೇ ಇಲ್ಲ, ಗಾಜು ಎಷ್ಟೇ ದಪ್ಪ ಹಾಕಿ. ಸಂದು ಪೂರ್ತಿ ಮುಚ್ಚಿದರೆ ಮಾಮೂಲಿ 4 ಮಿ.ಮೀ. ಗಾಜೇ 30ರ ಹತ್ತಿರ ತಡೆಯುತ್ತದೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ ಅನಿಸುತ್ತದೆ.

ಆದರೆ ನಿಮ್ಮ ದೊಡ್ಡ ಶತ್ರು ಕಿಟಕಿ ಅಲ್ಲ, ಮೇಲಿರುವ ವೆಂಟಿಲೇಟರ್. ಓರೆ ಪಟ್ಟಿ ಬಿಟ್ಟು ಅರ್ಧ ಜಾಗ ಖಾಲಿ ಅಂದುಕೊಳ್ಳಿ. ಕಿಟಕಿ, ವೆಂಟಿಲೇಟರ್ ಸೇರಿಸಿ ನೋಡಿದರೆ ಹತ್ತರಲ್ಲಿ ಒಂದು ಭಾಗ ಪೂರ್ತಿ ಬಯಲು. ಅಂದರೆ 10 ಡೆಸಿಬೆಲ್ ಮಾತ್ರ. ಅದನ್ನು ಹಾಗೇ ಬಿಟ್ಟು ಕೆಳಗೆ ವಿಮಾನದ ಗಾಜು ಹಾಕಿದರೂ ದುಡ್ಡು ದಂಡ. ಗೋಡೆ ಬಗ್ಗೆ ಚಿಂತೆ ಬೇಡ. 9 ಇಂಚಿನ ಇಟ್ಟಿಗೆ ಗೋಡೆಯೇ 50 ಡೆಸಿಬೆಲ್ ಆಸುಪಾಸು ತಡೆಯುತ್ತದೆ, ನಿಮ್ಮದು ಅದಕ್ಕಿಂತ ದಪ್ಪ.

ಬನಶಂಕರಿ ಬಾಯ್

ಕಿವಿಗೆ ಹತ್ತಿ ಇಟ್ಟುಕೊಂಡರೆ ಹತ್ತು ರೂಪಾಯಿಯಲ್ಲಿ ಕೆಲಸ ಮುಗೀತು ಗುರೂ.

ಹನುಮಂತನಗರದ ಸೊಸೆ

ಮಾವ ಹಗಲು ಹಿಯರಿಂಗ್ ಏಡ್ ಹಾಕುತ್ತಾರೆ, ರಾತ್ರಿ ತೆಗೆದು ಮಲಗುತ್ತಾರೆ. ಆದರೂ ಬಸ್ಸಿನ ಗುಡುಗು ಎದೆಗೆ ತಾಗುತ್ತದಂತೆ. ಹತ್ತಿಗೆ ಅದು ಬಗ್ಗಲ್ಲ.

ರಾಯರೇ, ಸಂದು ಎಲ್ಲೆಲ್ಲಿದೆ ಅಂತ ಕಂಡುಹಿಡಿಯುವುದು ಹೇಗೆ? ಕಣ್ಣಿಗೆ ಎಲ್ಲಾ ಸರಿಯಾಗೇ ಕಾಣುತ್ತದೆ.

ಉಳಿಸುತ್ತಿಗೆ

ಅಕ್ಕಾ, ನಾನು ಶಿವಮೊಗ್ಗದಲ್ಲಿ ಮರಗೆಲಸ ಮಾಡುವವನು. ಹಳೇ ಕಿಟಕಿ ರಿಪೇರಿ ಬೇಕಾದಷ್ಟು ಮಾಡಿದ್ದೇನೆ. ಒಂದು ಊದುಬತ್ತಿ ಹಚ್ಚಿ. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ ಚಿಲಕ ಹಾಕಿ, ಅಂಚಿನ ಉದ್ದಕ್ಕೂ ನಿಧಾನಕ್ಕೆ ಊದುಬತ್ತಿ ಹಿಡಿದುಕೊಂಡು ಹೋಗಿ. ಹೊಗೆ ನೆಟ್ಟಗೆ ಮೇಲೆ ಹೋಗದೆ ಪಕ್ಕಕ್ಕೆ ಎಳೆದ ಕಡೆ ಸಂದು. ಇನ್ನೊಂದು, ಪೇಪರ್ ಪಟ್ಟಿ ಬಾಗಿಲ ಮಧ್ಯೆ ಇಟ್ಟು ಮುಚ್ಚಿ ಎಳೆಯಿರಿ. ಹರಿದರೆ ಆ ಜಾಗ ಗಟ್ಟಿ, ಜಾರಿ ಬಂದರೆ ಸಡಿಲ. ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಸಾಮಾನ್ಯವಾಗಿ ಹಿಂಜಿನ ಕಡೆ ಬಿಗಿ ಇರುತ್ತದೆ, ಕೆಳಗಿನ ಮೂಲೆ ಮತ್ತು ಮಧ್ಯದ ಗೆರೆ ಸಡಿಲ. ಯಾಕಂದರೆ ಬಾಗಿಲು ತನ್ನ ಭಾರಕ್ಕೇ ಜಗ್ಗಿರುತ್ತದೆ. ಅದಕ್ಕೆ ಮೊದಲು ಹಿಂಜು ಸರಿ ಮಾಡಿಸಿ. ಸ್ಕ್ರೂ ತೂತು ಸವೆದಿದ್ದರೆ ತೇಗದ ಸಣ್ಣ ಗೂಟ ಹೊಡೆದು, ಅಂಟು ಹಾಕಿ, ಮತ್ತೆ ಸ್ಕ್ರೂ ಕೂರಿಸುತ್ತಾರೆ. ಆಮೇಲೆ ಬಾಗಿಲು ಚೌಕಟ್ಟಿಗೆ ಬಡಿಯುವ ಅಂಚಿಗೆ ಡಿ ಆಕಾರದ ರಬ್ಬರ್ ಪಟ್ಟಿ. ಇಪಿಡಿಎಂ ರಬ್ಬರ್ ಅಂತ ಕೇಳಿ ತೆಗೆದುಕೊಳ್ಳಿ. ಸ್ಪಂಜಿನ ಟೇಪ್ ಬೇಡ, ಅದು ಬೇಗ ಚಪ್ಪಟೆಯಾಗುತ್ತದೆ. ರಬ್ಬರ್ ಒತ್ತಿ ಕೂರಬೇಕು ಅಂದರೆ ಚಿಲಕವೂ ಬಾಗಿಲನ್ನು ಎಳೆದು ಹಿಡಿಯಬೇಕು. ಮೇಲೆ ಕೆಳಗೆ ಚಿಲಕ ಇದ್ದರೂ ಮಧ್ಯದಲ್ಲಿ ಬಾಗಿಲು ಉಬ್ಬಿರುತ್ತದೆ, ಅಲ್ಲಿಗೆ ಎಳೆದು ಹಿಡಿಯುವ ಇನ್ನೊಂದು ಚಿಲಕ ಹಾಕಿಸಿ.

ಗಾಜಿನ ಸುತ್ತ ಇರುವ ಪುಟ್ಟಿ ಬೆರಳಲ್ಲಿ ಒತ್ತಿ ನೋಡಿ. ಒಣಗಿ ಉದುರುತ್ತಿದ್ದರೆ ಗಾಜು ಕುಣಿಯುತ್ತದೆ. ನೀವು ಹೇಳಿದ ಅದುರುವ ಸದ್ದು ಅದೇ ಇರಬೇಕು. ಹಳೇ ಪುಟ್ಟಿ ಕೆರೆದು ತೆಗೆದು ಸಿಲಿಕೋನ್ ಹಾಕಿ ಬೀಡಿಂಗ್ (ತೆಳು ಮರದ ಪಟ್ಟಿ) ಹೊಡೆಸಿ.

ಟೀಬ್ಲಾಕ್

ಇಷ್ಟೆಲ್ಲಾ ತಾಪತ್ರಯ ಮಾಡುವ ಬದಲು ಹೊಸದು ಹಾಕಿದರೆ ಆಯ್ತಲ್ಲ! ನಮ್ಮ ಗಾಜು ಟಫನ್ಡ್, ಡಬಲ್, ಮಧ್ಯೆ 12 ಮಿ.ಮೀ. ಗಾಳಿ. 40 ಡೆಸಿಬೆಲ್ ತಡೆಯುತ್ತೆ ಅಂತ ಪುಸ್ತಕದಲ್ಲೇ ಇದೆ.

ಸಿವಿಲ್ ರಾಯರು

ಪುಸ್ತಕದಲ್ಲಿ ಇರುವುದು ಬರೀ ಗಾಜಿನದ್ದಾ, ಚೌಕಟ್ಟು ಸೇರಿ ಇಡೀ ಕಿಟಕಿಯದ್ದಾ ಅಂತ ಕೇಳಬೇಕು. ಲ್ಯಾಬಿನಲ್ಲಿ ಅಳೆದ ಆರ್‌ಡಬ್ಲ್ಯು (ಎಷ್ಟು ಡೆಸಿಬೆಲ್ ತಡೆಯುತ್ತದೆ ಅನ್ನುವ) ಅಂಕಿ ಮಾತಿನ ಸದ್ದಿಗೆ ಚೆನ್ನಾಗಿ ಹೊಂದುತ್ತದೆ. ರಸ್ತೆ ಸದ್ದಿಗೆ ಸಿಟಿಆರ್ ಅಂತ ಇನ್ನೊಂದು ತಿದ್ದುಪಡಿ ಇರುತ್ತದೆ, ಅದನ್ನು ಕಳೆದರೆ ಅಂಕಿ ಇಳಿಯುತ್ತದೆ. ಮಾರುವವರು ಅದನ್ನು ತಾವಾಗಿ ಹೇಳುವುದಿಲ್ಲ.

ಎರಡು ಗಾಜಿನ ಮಧ್ಯೆ ಗಾಳಿ ಇದ್ದಾಗ ಆ ಗಾಳಿ ಸ್ಪ್ರಿಂಗ್ ಆಗುತ್ತದೆ. ಒಂದು ನಿರ್ದಿಷ್ಟ ಕಂಪನಕ್ಕೆ ಎರಡೂ ಗಾಜು ಸೇರಿ ಕುಣಿಯುತ್ತವೆ, ಆ ಸ್ವರದಲ್ಲಿ ತಡೆ ಕುಸಿಯುತ್ತದೆ. 5 ಮಿ.ಮೀ.ನ ಎರಡು ಗಾಜು, 12 ಮಿ.ಮೀ. ಅಂತರ ಇದ್ದರೆ ಆ ಸ್ವರ 220 ಹರ್ಟ್ಜ್ (ಸೆಕೆಂಡಿಗೆ 220 ಕಂಪನ) ಹತ್ತಿರ. ಬಸ್ ಎಂಜಿನ್ನಿನ ಗುಡುಗು ಇರುವುದೇ ಆ ಸುತ್ತಮುತ್ತ ಮತ್ತು ಅದಕ್ಕಿಂತ ಕೆಳಗೆ. ಹಾರ್ನು, ಮಾತು, ಹಕ್ಕಿ ಕೂಗು ಇವೆಲ್ಲ ಚೆನ್ನಾಗಿ ಕಡಿಮೆಯಾಗುತ್ತವೆ. ಗುಡುಗು ಮಾತ್ರ ಒಳಗೆ ಬರುತ್ತದೆ. ಈ ಡಬಲ್ ಗ್ಲಾಸ್ ಮೊದಲು ಹುಟ್ಟಿದ್ದೇ ಚಳಿ, ಬಿಸಿ ತಡೆಯಲು.

ಟಫನ್ಡ್ ಅನ್ನುವುದು ಗಾಜು ಗಟ್ಟಿ ಇರಲಿ, ಒಡೆದರೆ ಚೂಪಾಗಿ ಚುಚ್ಚದಿರಲಿ ಅಂತ. ಅದೇ ದಪ್ಪದ ಸಾದಾ ಗಾಜಿಗೂ ಅದಕ್ಕೂ ಶಬ್ದದ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಶಬ್ದಕ್ಕೆ ಬೇಕಾಗಿರುವುದು ಲ್ಯಾಮಿನೇಟೆಡ್. 3 ಮಿ.ಮೀ.ನ ಎರಡು ಗಾಜಿನ ಮಧ್ಯೆ 0.38 ಮಿ.ಮೀ. ಪ್ಲಾಸ್ಟಿಕ್ ಪದರ, ಒಟ್ಟು 6.38. ಅಂಗಡಿಯಲ್ಲಿ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಸಾದಾ ಗಾಜು ಟಿಣ್ ಅನ್ನುತ್ತದೆ, ಇದು ಟಪ್ ಅಂತ ಸುಮ್ಮನಾಗುತ್ತದೆ. ಆ ಪದರವೇ ಗಾಜಿನ ಕುಣಿತವನ್ನು ನುಂಗಿಬಿಡುತ್ತದೆ.

ಬರ್ಲಿನ್ ಕನ್ನಡಿಗ

ನಾನು ಬರ್ಲಿನ್ನಿನಲ್ಲಿ ನೂರು ವರ್ಷ ದಾಟಿದ ಕಟ್ಟಡದಲ್ಲಿ ಬಾಡಿಗೆಗೆ ಇದ್ದೇನೆ, ಮೂಲ ಹಾಸನ. ಇಲ್ಲಿಯ ಹಳೇ ಮನೆಗಳಲ್ಲಿ ಕಾಸ್ಟನ್‌ಫೆನ್‌ಸ್ಟರ್ ಅಂತ ಕಿಟಕಿ ಇರುತ್ತದೆ. ಒಂದೇ ಗೋಡೆಯಲ್ಲಿ ಹೊರಗೊಂದು ಜೋಡಿ ಬಾಗಿಲು, ಒಳಗೊಂದು ಜೋಡಿ ಬಾಗಿಲು, ಮಧ್ಯೆ ಗೇಣಿಗಿಂತ ಸ್ವಲ್ಪ ಕಡಿಮೆ ಜಾಗ. ಮಾಡಿದ್ದು ಚಳಿಗೆ. ಆದರೆ ಟ್ರಾಮ್ ಸದ್ದು ಕೂಡ ಅಷ್ಟೇ ಚೆನ್ನಾಗಿ ತಡೆಯುತ್ತದೆ. ಎರಡನ್ನೂ ಮುಚ್ಚಿದರೆ ಒಂದು ಲೋಕ, ಒಳಗಿನದು ತೆರೆದರೆ ಇನ್ನೊಂದು ಲೋಕ. ಗಾಜು ಮಾತ್ರ ತೆಳ್ಳಗೆ, ಹಳೇದು.

ಸೊಸೆಯವರ ಮನೆ ಗೋಡೆ ಒಂದೂವರೆ ಇಟ್ಟಿಗೆ ಅಂದರೆ ಸರಳಿನಿಂದ ಒಳಗೆ ಎಷ್ಟು ಜಾಗ ಸಿಗುತ್ತದೆ? ಅಲ್ಲೇ ಎರಡನೇ ಕಿಟಕಿ ಕೂರಿಸಬಹುದಲ್ವಾ? ಮಾವನವರ ತೇಗವೂ ಉಳಿಯಿತು.

ಸಿವಿಲ್ ರಾಯರು

ನಾನು ಅಲ್ಲಿಗೇ ಬರುತ್ತಿದ್ದೆ. ಹಳೇ ಗೋಡೆಯ ಲಾಭ ಇದೇ. ಈಗಿನ ಅಪಾರ್ಟ್‌ಮೆಂಟಿನ 6 ಇಂಚಿನ ಬ್ಲಾಕ್ ಗೋಡೆಯಲ್ಲಿ ಈ ಜಾಗ ಎಲ್ಲಿ ಸಿಗಬೇಕು? ಎರಡು ಗಾಜಿನ ಮಧ್ಯೆ ಕನಿಷ್ಠ 4 ಇಂಚು ಬಿಡಿ. ನಿಮ್ಮ ಹಳೇ 3 ಮಿ.ಮೀ. ಪಿನ್‌ಹೆಡ್ ಹೊರಗೆ, ಒಳಗೆ 6.38ರ ಲ್ಯಾಮಿನೇಟೆಡ್, ಮಧ್ಯೆ 4 ಇಂಚು. ಆಗ ಆ ಕುಣಿಯುವ ಸ್ವರ 220ರಿಂದ 85 ಹರ್ಟ್ಜ್ ಹತ್ತಿರಕ್ಕೆ ಇಳಿಯುತ್ತದೆ. ಬಸ್ ಸದ್ದಿನ ಬಹುಪಾಲು ಅದಕ್ಕಿಂತ ಮೇಲೆ ಉಳಿಯುತ್ತದೆ. ಎರಡು ಗಾಜಿನ ದಪ್ಪ ಬೇರೆ ಬೇರೆ ಇರುವುದೂ ಒಳ್ಳೆಯದು, ಒಂದು ಸೋಲುವ ಸ್ವರದಲ್ಲಿ ಇನ್ನೊಂದು ನಿಲ್ಲುತ್ತದೆ.

ಮಧ್ಯದ ಜಾಗದ ಪಕ್ಕದ ಗೋಡೆಗೆ ಒಂದಿಂಚು ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಅಂಟಿಸಿ ಬಟ್ಟೆ ಹೊದಿಸಿದರೆ ಇನ್ನೂ ಸ್ವಲ್ಪ ಲಾಭ. ಮೊಟ್ಟೆ ಟ್ರೇ ಮಾತ್ರ ಬೇಡ, ದಯವಿಟ್ಟು. ಅದರಿಂದ ಶಬ್ದ ನಿಲ್ಲುವುದಿಲ್ಲ, ಧೂಳು ಹಿಡಿಯುತ್ತದೆ.

ಉಳಿಸುತ್ತಿಗೆ

ಭಾರ ನೋಡಿಕೊಳ್ಳಿ ಅಕ್ಕಾ. ನಾಲ್ಕಡಿಗೆ ನಾಲ್ಕಡಿ 6.38 ಗಾಜು ಅಂದರೆ 23 ಕೆಜಿ ಹತ್ತಿರ ಬರುತ್ತದೆ. ಎರಡು ಬಾಗಿಲಿಗೆ ಹಂಚಿದರೂ ಒಂದೊಂದಕ್ಕೆ ಹನ್ನೊಂದು ಚಿಲ್ಲರೆ, ಮರದ ಭಾರ ಬೇರೆ. ಒಂದೊಂದು ಬಾಗಿಲಿಗೂ ಮೂರು ಹಿಂಜು ಹಾಕಿಸಿ. ಒಳಗಿನ ಚೌಕಟ್ಟನ್ನು ಹಳೇ ಚೌಕಟ್ಟಿಗೆ ಮೊಳೆ ಹೊಡೆದು ಸೇರಿಸಬೇಡಿ, ಗೋಡೆಗೇ ಹಿಡಿಸಿ. ಸೇರಿಸಿದರೆ ಅದುರುವಿಕೆ ಮರದ ಮೂಲಕವೇ ಒಳಗೆ ಬರುತ್ತದೆ. ಗೋಡೆಗೂ ಚೌಕಟ್ಟಿಗೂ ಮಧ್ಯೆ ಉಳಿಯುವ ಸಂದಿಗೆ ಬರೀ ಫೋಮ್ ಊದಿ ಬಿಡುತ್ತಾರೆ, ಅದು ಹಗುರ, ಶಬ್ದ ತಡೆಯಲ್ಲ. ಗಾರೆ ತುಂಬಿಸಿ, ಅಂಚಿಗೆ ಸೀಲೆಂಟ್ ಎಳೆಸಿ.

ಜಾರುವ ಬಾಗಿಲು ಬೇಡ. ಅದರ ಅಂಚಿಗೆ ಕೂದಲಿನ ಬ್ರಶ್ ಇರುತ್ತದೆ, ಅದು ಧೂಳಿಗೆ ಸರಿ, ಸದ್ದು ನುಗ್ಗುತ್ತದೆ. ರೂಮಿನ ಒಳಕ್ಕೆ ತೆರೆಯುವ ಬಾಗಿಲೇ ಇರಲಿ. ಮಂಚ ಕಿಟಕಿಗೆ ಅಂಟಿಕೊಂಡಿದ್ದರೆ ಮೊದಲೇ ಸರಿಸಿ ಅಳತೆ ತೆಗೆಯಿರಿ.

ವಕೀಲಮ್ಮ

ಎಲ್ಲರೂ ಮನೆಯೊಳಗೇ ಕೋಟೆ ಕಟ್ಟುತ್ತಿದ್ದೀರಿ. ಸದ್ದು ಮಾಡುವವರಿಗೂ ನಿಯಮ ಇದೆ ಅಲ್ವಾ? 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಅಂತ ಘೋಷಿಸಿದ್ದರೆ ಅಲ್ಲಿ 50 ಮತ್ತು 40. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕುವಂತಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಕೂಡ ಗಟ್ಟಿಯಾಗಿ ಹೇಳಿದೆ. ಹಬ್ಬಹರಿದಿನಕ್ಕೆ ರಾಜ್ಯ ಸರ್ಕಾರ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ವಿನಾಯಿತಿ ಕೊಡಬಹುದು, ಅಷ್ಟೇ. ಪಕ್ಕದ ಛತ್ರದಲ್ಲಿ ಹನ್ನೊಂದಕ್ಕೂ ಆರ್ಕೆಸ್ಟ್ರಾ ನಡೆಯುತ್ತಿದ್ದರೆ 112ಕ್ಕೆ ಫೋನ್ ಮಾಡಿ.

ಹನುಮಂತನಗರದ ಸೊಸೆ

ಮೇಡಂ, ಛತ್ರ ಆಗಿದ್ದರೆ ಫೋನ್ ಮಾಡುತ್ತಿದ್ದೆ. ಬಸ್ಸಿನ ಮೇಲೆ ಏನು ದೂರು ಕೊಡಲಿ? ನಮ್ಮ ಮಾವನೇ ಒಂದು ಕಾಲದಲ್ಲಿ ಬಸ್ ಸ್ಟಾಪ್ ಬೇಕು ಅಂತ ಅರ್ಜಿ ಬರೆದವರು!

ವಕೀಲಮ್ಮ

ಹಾಗಾದರೆ ಹಂಪ್ ಬಗ್ಗೆ ಅರ್ಜಿ ಬರೆಯಲು ಹೇಳಿ. ತುಂಬಾ ಕಡೆ ಹಂಪ್ ಗೋಡೆ ಥರ ಎದ್ದು ನಿಂತಿರುತ್ತದೆ. ಅಗಲ ಜಾಸ್ತಿ ಮಾಡಿ, ಇಳಿಜಾರು ನಯ ಮಾಡಿದರೆ ಆ ಧಡಾರ್ ಅಲ್ಲೇ ಕಡಿಮೆಯಾಗುತ್ತದೆ. ವಾರ್ಡ್ ಇಂಜಿನಿಯರ್‌ಗೆ ಫೋಟೋ ಸಮೇತ ಕೊಡಿ, ಬೀದಿಯವರ ಸಹಿ ಹಾಕಿಸಿ.

ಕುಂದಾಪ್ರದ ಹೆಂಚಿನ ಮನೆ

ನಮ್ಮದು ಹೆದ್ದಾರಿ 66ರ ಬದಿ. ಮರದ ಕಿಟಕಿಗೆ ರಬ್ಬರ್ ಹಾಕಿ, ಗಾಜು ಬದಲಿಸಿ ಆಯಿತು. ಲಾರಿ ಸದ್ದು ಒಂದು ಚೂರೂ ಇಳಿಯಲಿಲ್ಲ. ಯಾಕೆ ಮಾರಾಯ್ರೆ?

ಸಿವಿಲ್ ರಾಯರು

ಮುಚ್ಚಿಗೆ ಇದೆಯಾ, ಅಥವಾ ಹೆಂಚಿನ ಕೆಳಗೆ ನೇರ ರೂಮಾ?

ಕುಂದಾಪ್ರದ ಹೆಂಚಿನ ಮನೆ

ಚಾವಡಿಗೆ ಮಾತ್ರ ಮುಚ್ಚಿಗೆ ಉಂಟು. ಮಲಗುವ ಕೋಣೆಗೆ ಇಲ್ಲ. ಮಲಗಿದರೆ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತದೆ.

ಸಿವಿಲ್ ರಾಯರು

ಆಕಾಶ ಕಾಣುವ ಕಡೆ ಲಾರಿಯೂ ಕೇಳುತ್ತದೆ. ನಿಮ್ಮಲ್ಲಿ ಸದ್ದು ಛಾವಣಿಯಿಂದ ಇಳಿಯುತ್ತಿದೆ, ಕಿಟಕಿಗೆ ಇನ್ನು ಒಂದು ಪೈಸೆ ಹಾಕಬೇಡಿ. ಕೋಣೆಗೂ ಹಲಗೆ ಮುಚ್ಚಿಗೆ ಮಾಡಿಸಿ, ಹಲಗೆ ಹಲಗೆ ನಡುವೆ ಸಂದು ಬಿಡದಂತೆ. ಅದರ ಮೇಲೆ ರಾಕ್‌ವೂಲ್ ಹಾಸಿ. ಹಲಗೆ ದಪ್ಪ ಇದ್ದಷ್ಟೂ ಒಳ್ಳೆಯದು. ಬೇಸಿಗೆಯಲ್ಲಿ ತಂಪೂ ಸಿಗುತ್ತದೆ.

ಸಾಗರದಮ್ಮ

ಒಂದು ಮಾತು ಯಾರೂ ಹೇಳಿಲ್ಲ. ಎಲ್ಲಾ ಸಂದು ಮುಚ್ಚಿದ ಮೇಲೆ ಆ ರೂಮಿನಲ್ಲಿ ಉಸಿರಾಡುವುದು ಹೇಗೆ? ವಯಸ್ಸಾದವರು ಮಲಗುವ ರೂಮು. ಸೊಳ್ಳೆಬತ್ತಿ ಹಚ್ಚುತ್ತಾರಾ? ಹಚ್ಚಿದರೆ ಆ ಹೊಗೆ ರಾತ್ರಿಯೆಲ್ಲಾ ಅಲ್ಲೇ ಸುತ್ತುತ್ತದೆ. ಈ ಚರ್ಚೆ ಓದಿಕೊಂಡು ಯಾರಾದರೂ ಗ್ಯಾಸ್ ಗೀಸರ್ ಇರುವ ಬಚ್ಚಲುಮನೆ ಕಿಟಕಿಯನ್ನೋ, ಅಡುಗೆಮನೆ ವೆಂಟಿಲೇಟರನ್ನೋ ಮುಚ್ಚಲು ಹೋದರೆ ಜೀವಕ್ಕೇ ಅಪಾಯ. ಗ್ಯಾಸ್ ಗೀಸರ್ ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ.

ಸಿವಿಲ್ ರಾಯರು

ಸರಿಯಾದ ಮಾತು. ಸೊಸೆಯವರೇ, ಆ ರೂಮಿಗೆ ಹಿತ್ತಿಲ ಕಡೆಯಿಂದ ಗಾಳಿ ಬರುವ ದಾರಿ ಇದೆಯಾ? ಇದ್ದರೆ ಅದನ್ನು ತೆರೆದಿಡಿ, ರಸ್ತೆ ಕಡೆಯದು ಮಾತ್ರ ಮುಚ್ಚಿ. ಇಲ್ಲದಿದ್ದರೆ ಒಂದು ವೆಂಟಿಲೇಟರಿಗೆ ಸೊಟ್ಟ ದಾರಿಯ ಪೆಟ್ಟಿಗೆ ಮಾಡಿಸಬಹುದು. ಪ್ಲೈವುಡ್ ಪೆಟ್ಟಿಗೆ, ಹೊರಗಿನ ಬಾಯಿ ಮೇಲೆ, ಒಳಗಿನ ಬಾಯಿ ಕೆಳಗೆ, ಮಧ್ಯೆ ಎರಡು ತಿರುವು. ಒಳಮೈಗೆಲ್ಲ ರಾಕ್‌ವೂಲ್, ಮೇಲೆ ಬಟ್ಟೆ. ಗಾಳಿ ತಿರುಗಿಕೊಂಡು ಬರುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಸೊರಗುತ್ತದೆ. ಪೂರ್ತಿ ಮುಚ್ಚಿದಷ್ಟು ಲಾಭ ಇಲ್ಲ, ಬಯಲು ಬಿಟ್ಟದ್ದಕ್ಕಿಂತ ಎಷ್ಟೋ ವಾಸಿ.

ಹನುಮಂತನಗರದ ಸೊಸೆ

ಹಿತ್ತಿಲ ಕಡೆ ನಡುಮನೆ ಕಿಟಕಿ ಇದೆ, ರೂಮಿನ ಬಾಗಿಲು ತೆರೆದರೆ ಗಾಳಿ ಬರುತ್ತದೆ. ಸೊಳ್ಳೆಬತ್ತಿ ಬಿಡಿಸಿ ಸೊಳ್ಳೆಪರದೆ ಕಟ್ಟುತ್ತೇವೆ.

ದುಡ್ಡಿನ ದೃಷ್ಟಿಯಿಂದ ಮೊದಲು ಒಂದು ಕಿಟಕಿಗೆ ಮಾತ್ರ ಮಾಡಿಸಿ ನೋಡೋಣ ಅಂತ ಯಜಮಾನರ ಸಲಹೆ. ಸರಿನಾ?

ಸಿವಿಲ್ ರಾಯರು

ಬೇಡ. ಎರಡು ಕಿಟಕಿಯಿಂದ ಸಮಸಮ ಸದ್ದು ಬರುತ್ತಿರುವಾಗ ಒಂದನ್ನು ಗೋಡೆ ಕಟ್ಟಿ ಮುಚ್ಚಿದರೂ ಒಳಗಿನ ಸದ್ದು 3 ಡೆಸಿಬೆಲ್ ಇಳಿಯುತ್ತದೆ, ಅಷ್ಟೇ. ಕಿವಿಗೆ ಅದು ಸರಿಯಾಗಿ ಗೊತ್ತೂ ಆಗುವುದಿಲ್ಲ. ಆಮೇಲೆ ನಿಮ್ಮ ಯಜಮಾನರು "ಇದೆಲ್ಲ ಸುಳ್ಳು" ಅಂತ ಎರಡನೆಯದನ್ನು ಕೈಬಿಡುತ್ತಾರೆ. ಬದಲಿಗೆ ಎರಡೂ ಕಿಟಕಿಗೆ ರಬ್ಬರ್, ಪುಟ್ಟಿ, ವೆಂಟಿಲೇಟರ್ ಕೆಲಸ ಮೊದಲು ಮುಗಿಸಿ. ಅಷ್ಟಕ್ಕೇ ಸಾಕು ಅನಿಸಬಹುದು. ಸಾಲದಿದ್ದರೆ ಎರಡಕ್ಕೂ ಒಟ್ಟಿಗೆ ಒಳಗಿನ ಕಿಟಕಿ.

ಹನುಮಂತನಗರದ ಸೊಸೆ

ಸ್ವಲ್ಪ ದಿನ ಬಿಟ್ಟು ಬರೆಯುತ್ತಿದ್ದೇನೆ. ರಾಯರು ಹೇಳಿದ ಮೊದಲನೇ ಹಂತ ಮುಗಿಯಿತು. ಊದುಬತ್ತಿ ಪರೀಕ್ಷೆಯನ್ನು ಮಾವನೇ ಕುರ್ಚಿ ಹಾಕಿಕೊಂಡು ಕೂತು ಮಾಡಿದರು, "ಇಲ್ಲಿ ನೋಡು, ಇಲ್ಲಿ ನೋಡು" ಅಂತ ನನ್ನ ಕೈಲಿ ಗುರುತು ಹಾಕಿಸಿದರು. ಕೆಳಗಿನ ಒಂದು ಮೂಲೆಯಲ್ಲಿ ಪೆನ್ಸಿಲ್ಲೇ ತೂರುವಷ್ಟು ಸಂದಿತ್ತು, ಪೇಂಟ್ ಮೇಲೆ ಪೇಂಟ್ ಬಳಿದು ಕಾಣದ ಹಾಗಾಗಿತ್ತು. ವೆಂಟಿಲೇಟರಿಗೆ ಒಳಗಡೆ ಲ್ಯಾಮಿನೇಟೆಡ್ ಗಾಜು ಕೂರಿಸಿ ಬೀಡಿಂಗ್ ಹೊಡೆದಾಯಿತು.

ಫೋನಿನ ಆ್ಯಪ್‌ನಲ್ಲಿ ಮೊದಲಿಗಿಂತ ಎಂಟು ಒಂಬತ್ತು ಡೆಸಿಬೆಲ್ ಕಡಿಮೆ ತೋರಿಸುತ್ತಿದೆ. ಹಾರ್ನ್ ಈಗ ಪಕ್ಕದ ಬೀದಿಯಲ್ಲಿ ಹೊಡೆದ ಹಾಗಿದೆ, ಗಾಜು ಅದುರುವುದು ಪೂರ್ತಿ ನಿಂತಿದೆ. ಬಸ್ಸಿನ ಗುಡುಗು ಮಾತ್ರ ಅಷ್ಟಾಗಿ ಇಳಿದಿಲ್ಲ. ವಿಚಿತ್ರ ಅಂದರೆ ಮನೆಯೊಳಗಿನ ಸದ್ದೆಲ್ಲ ಜಾಸ್ತಿ ಕೇಳುತ್ತಿದೆ. ಫ್ರಿಜ್ ಗುರ್ ಅನ್ನುತ್ತದೆ ಅಂತ ಮಾವ ಈಗ ಅದರ ಮೇಲೆ ತಿರುಗಿಬಿದ್ದಿದ್ದಾರೆ.

ಸಿವಿಲ್ ರಾಯರು

ಹೊರಗಿನ ಸದ್ದು ಇಷ್ಟು ದಿನ ಫ್ರಿಜ್ಜನ್ನು ಮುಚ್ಚಿಟ್ಟಿತ್ತು. ಫೋನಿನ ಅಂಕಿಯನ್ನು ಕಾನೂನಿನ 45ರ ಜೊತೆ ಹೋಲಿಸಬೇಡಿ, ಅದಕ್ಕೆ ಅಷ್ಟು ನಿಖರತೆ ಇರಲ್ಲ. ಮೊದಲು ಮತ್ತು ಆಮೇಲೆ ನೋಡಲು, ಅದೇ ಫೋನ್ ಅದೇ ಜಾಗದಲ್ಲಿ ಇಟ್ಟರೆ, ಸಾಕು.

ನೆಲ ರೆಡ್ ಆಕ್ಸೈಡ್ ಇರಬೇಕಲ್ಲ? ಬರೀ ನೆಲ, ಬರೀ ಗೋಡೆ ಇದ್ದರೆ ಒಳಗೆ ಬಂದ ಸದ್ದು ಅಲ್ಲೇ ಪುಟಿಯುತ್ತದೆ. ಒಂದು ದಪ್ಪ ಜಮಖಾನ ಹಾಸಿ, ಆ ದಪ್ಪ ಪರದೆಯನ್ನು ಇರಲಿ ಬಿಡಿ. ಪರದೆ ಹೊರಗಿನ ಸದ್ದನ್ನು ತಡೆಯುವುದಿಲ್ಲ, ಬಂದದ್ದನ್ನು ಸ್ವಲ್ಪ ಹೀರುತ್ತದೆ. ಗುಡುಗಿಗೆ ಮಾತ್ರ ಒಳಗಿನ ಕಿಟಕಿಯೇ ಮದ್ದು.

ಟೀಬ್ಲಾಕ್

ಒಪ್ಪಿದೆ ರಾಯರೇ, ಎಂಟು ಒಂಬತ್ತು ಡೆಸಿಬೆಲ್ ರಬ್ಬರ್ ಪಟ್ಟಿಯಲ್ಲಿ ಬಂದಿದ್ದು ದೊಡ್ಡದೇ. ಆದರೂ ಗೆದ್ದಲು ಹಿಡಿದ ಕಿಟಕಿ ಇದ್ದವರು ಇದನ್ನೆಲ್ಲ ಓದಿ ಅದನ್ನೇ ಅಪ್ಪಿಕೊಂಡು ಕೂರಬಾರದು. ನಮ್ಮದು ಹಾಗೇ ಆಗಿತ್ತು, ಕಾಡು ಮರ, ಚೌಕಟ್ಟೇ ಟೊಳ್ಳು.

ಉಳಿಸುತ್ತಿಗೆ

ಅದು ನ್ಯಾಯವಾದ ಮಾತು. ಮೊಳೆ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುವ ಮರಕ್ಕೆ ಏನು ಮಾಡಿದರೂ ವ್ಯರ್ಥ, ಕಿತ್ತುಹಾಕಿ. ದಾಂಡೇಲಿ ತೇಗ ಆ ಜಾತಿ ಅಲ್ಲ.

ಹನುಮಂತನಗರದ ಸೊಸೆ

ಒಳಗಿನ ಕಿಟಕಿಗೆ ಆರ್ಡರ್ ಕೊಟ್ಟೆವು, ಎರಡಕ್ಕೂ. ಎರಡು ಕಡೆ ಕೋಟೇಶನ್ ತೆಗೆದುಕೊಂಡರೆ ಒಂದು ಇನ್ನೊಂದರ ದುಪ್ಪಟ್ಟು! ಕಡಿಮೆ ಹೇಳಿದವರು ಲ್ಯಾಮಿನೇಟೆಡ್ ಬದಲು ಟಫನ್ಡ್ ಬರೆದಿದ್ದರು, ಈ ಚರ್ಚೆ ಓದಿದ್ದರಿಂದ ಗೊತ್ತಾಯಿತು. ಈಗ ಒಂದೇ ಪ್ರಶ್ನೆ. ಸರಳಿನ ಒಳಗಡೆ ಸೊಳ್ಳೆ ಜಾಲರಿ ಬಾಗಿಲು ಇದೆ. ಅದನ್ನು ಏನು ಮಾಡುವುದು?

ಉಳಿಸುತ್ತಿಗೆ

ಆ ಜಾಲರಿ ಬಾಗಿಲನ್ನು ಬಿಚ್ಚಿಬಿಡಿ ಅಕ್ಕಾ. ಸರಳಿಗೂ ಹೊರಗಿನ ಬಾಗಿಲಿಗೂ ಮಧ್ಯೆ ಒಂದಿಂಚು ಇದ್ದರೆ ಜಾಲರಿಯನ್ನು ತೆಳು ಚೌಕಟ್ಟಿಗೆ ಹೊಡೆದು ಆಯಸ್ಕಾಂತದ ಪಟ್ಟಿಯಲ್ಲಿ ಅಲ್ಲಿ ಕೂರಿಸಬಹುದು. ಹೊರಗಿನ ಬಾಗಿಲು ತೆರೆಯಲು ಕೈ ತೂರಿಸುವಷ್ಟು ಜಾಗವನ್ನು ಜಾಲರಿಯಲ್ಲಿ ಬಿಡಿ, ಅದಕ್ಕೊಂದು ಸಣ್ಣ ಮುಚ್ಚಳ. ಇನ್ನೊಂದು, ಹೊಸ ಮರ ಮಳೆಗಾಲದಲ್ಲಿ ಊದಿಕೊಳ್ಳುತ್ತದೆ. ರಬ್ಬರ್ ಕೂರುವ ಜಾಗ ಬಿಟ್ಟು ಸುತ್ತ 2 ಮಿ.ಮೀ. ಸಡಿಲ ಇಟ್ಟೇ ಕೀಸಲು ಹೇಳಿ. ಬಿಗಿ ಮಾಡಿಕೊಟ್ಟರೆ ಆಷಾಢದಲ್ಲಿ ತೆರೆಯಲು ಆಗಲ್ಲ, ಆಗ ಮತ್ತೆ ಕೀಸುತ್ತಾರೆ, ಬೇಸಿಗೆಗೆ ಸಂದು ಬೀಳುತ್ತದೆ.